390 ಯೂರೋಗಳ ಒಂದು ಬಿಳಿ ಟೀ-ಶರ್ಟು

ಎರಡು ವರ್ಷಗಳ ಹಿಂದೆ ಅಕ್ಕನ ಮಗ ಮಿಲಾನಿನಿಂದ ರಜೆಗೆ ಬಂದಾಗ ನನಗೆಂದು ಒಂದು ಬಿಳಿ ಟೀ-ಶರ್ಟು ತಂದುಕೊಟ್ಟ. ದಪ್ಪ ರಟ್ಟಿನ ಪೆಟ್ಟಿಗೆ, ಅದರೊಳಗೆ ತೆಳ್ಳನೆಯ ಕಾಗದ, ಕಾಗದ ಸರಿಸಿದರೆ ನಾಜೂಕಾಗಿ ಮಡಿಸಿಟ್ಟ ಅಂಗಿ. ಎದೆಯ ಮೇಲೆ ಹೆಸರಿಲ್ಲ, ಚಿತ್ರವಿಲ್ಲ, ಜೇಬೂ ಇಲ್ಲ. ಕುತ್ತಿಗೆಯ ಒಳಭಾಗದಲ್ಲಿ, ಬಿಳಿಯ ಮೇಲೆ ಬಿಳಿ ದಾರದಲ್ಲೇ ನೇಯ್ದ ಸಣ್ಣದೊಂದು ಲೇಬಲ್ಲು ಮಾತ್ರ ಇತ್ತು. ಬೆಲೆಯ ಚೀಟಿಯನ್ನು ಅವನು ಕಿತ್ತುಹಾಕಿದ್ದ. ಆದರೆ ಬಿಲ್ಲು ಪೆಟ್ಟಿಗೆಯ ತಳದಲ್ಲೇ ಉಳಿದುಹೋಗಿತ್ತು. 390 ಯೂರೋ ಎಂದಿತ್ತು. ಆಗಿನ ಲೆಕ್ಕದಲ್ಲಿ ಸುಮಾರು 35,000 ರೂಪಾಯಿ.

ಪ್ರೀತಿಯಿಂದ ತಂದ ಉಡುಗೊರೆಯ ಬೆಲೆ ಕಟ್ಟಬಾರದೆಂಬುದು ನನಗೆ ಗೊತ್ತು. ಆದರೆ ಹದಿನಾಲ್ಕು ವರ್ಷ ಬೆಂಗಳೂರಿನ ಗಾರ್ಮೆಂಟ್ಸುಗಳಲ್ಲಿ, ಮೊದಲು ಪೀಣ್ಯದಲ್ಲಿ, ಆಮೇಲೆ ಮೈಸೂರು ರಸ್ತೆಯಲ್ಲಿ, ಗುಣಮಟ್ಟ ವಿಭಾಗದಲ್ಲಿ ದುಡಿದವನ ಕೈಗೆ ಹೆಣಿಗೆಯ ಬಟ್ಟೆ ಸಿಕ್ಕರೆ ಅದು ತಾನಾಗಿಯೇ ಒಳಹೊಲಿಗೆಯ ಕಡೆ ಹೋಗುತ್ತದೆ. ದಿನಕ್ಕೆ ನೂರಾರು ಟೀ-ಶರ್ಟುಗಳನ್ನು ತಿರುವಿಹಾಕಿ, ಎಳೆದು, ಅಳೆದು, ತಪ್ಪಿದ ಹೊಲಿಗೆಗೆ ಬಾಣದ ಗುರುತಿನ ಸ್ಟಿಕರ್ ಅಂಟಿಸಿ ಕಳಿಸುತ್ತಿದ್ದ ಕೆಲಸ ಅದು. ಹಾಗಾಗಿ ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಊಟದ ಮೇಜಿನ ಮೇಲೆ ದೀಪ ಹಾಕಿಕೊಂಡು ಅಂಗಿಯನ್ನು ಹರಡಿ ಕುಳಿತೆ. ನನಗೆ ತಿಳಿಯಬೇಕಿದ್ದುದು ಇಷ್ಟೇ: ಒಬ್ಬ ಗಂಡಸು ಪ್ರತಿದಿನ ತೊಡುವ ಸಾದಾ ಉಡುಪಿನಲ್ಲಿ, ಅಂದರೆ ಒಂದು ಬಿಳಿ ಟೀ-ಶರ್ಟಿನಲ್ಲಿ, ಒಂದು ನೀಲಿ ಶರ್ಟಿನಲ್ಲಿ, ಒಂದು ಬೂದುಬಣ್ಣದ ಸ್ವೆಟರಿನಲ್ಲಿ, ಎಷ್ಟು ಹಣದ ಒಳ್ಳೆಯತನವನ್ನು ತುಂಬಲು ಸಾಧ್ಯ? ಅದಕ್ಕೊಂದು ಮೇರೆ ಇದೆಯೇ? ಇದ್ದರೆ, ಆ ಮೇರೆ ದಾಟಿದ ಹಣ ಯಾರ ಕೈ ಸೇರುತ್ತದೆ?

ಮೊದಲೇ ಹೇಳಿಬಿಡುತ್ತೇನೆ, ಆ ಟೀ-ಶರ್ಟು ನಿಜವಾಗಿಯೂ ಚೆನ್ನಾಗಿತ್ತು. ಹೊಲಿಗೆಯ ಒಳ ಅಂಚಿನಿಂದ ಅರ್ಧ ಅಂಗುಲ ನೂಲು ಎಳೆದು, ಹುರಿ ಬಿಚ್ಚಿ, ಎಳೆಗಳನ್ನು ಒಂದು ಕಪ್ಪು ಬಟ್ಟೆಯ ಮೇಲೆ ಒಂದೊಂದಾಗಿ ಸಾಲಾಗಿ ಇಟ್ಟು ನೋಡಿದೆ. ಕತ್ತರಿಗೆ ಸಿಕ್ಕಿ ತುಂಡಾದ ಎಳೆಗಳನ್ನು ಬಿಟ್ಟರೆ ಉಳಿದವು ಉದ್ದವಾಗಿದ್ದವು, ನವಿರಾಗಿದ್ದವು. ನೂಲು ಒಂಟಿ ಎಳೆಯದಲ್ಲ; ಎರಡು ಸಣ್ಣ ನೂಲುಗಳನ್ನು ಸೇರಿಸಿ ಹುರಿ ಹಾಕಿದ್ದು. ಮೇಲ್ಮೈಯ ಜುಂಗನ್ನು ಬೆಂಕಿಯ ಜ್ವಾಲೆಗೆ ತೋರಿಸಿ ಸುಟ್ಟಿದ್ದರು, ಕಾಸ್ಟಿಕ್ ಸೋಡಾದಲ್ಲಿ ಮರ್ಸರೈಸ್ ಮಾಡಿದ್ದರು. ಅದರಿಂದಾಗಿಯೇ ರೇಷ್ಮೆಯಂಥ ತಣ್ಣನೆಯ ಹೊಳಪು ಬಂದಿತ್ತು. ಇಂಚುಗಾಜು, ಅಂದರೆ ನೂಲು ಎಣಿಸುವ ಪುಟ್ಟ ಭೂತಗನ್ನಡಿ, ಇಟ್ಟು ಎಣಿಸಿದರೆ ಅಂಗುಲಕ್ಕೆ ಹದಿನಾಲ್ಕು ಹೊಲಿಗೆ. ಭುಜದ ಮೇಲೆ ಟೇಪು, ಕುತ್ತಿಗೆಯ ರಿಬ್ಬಿಗೆ ಎಲ್ಲಿಯೂ ಅಲೆ ಏಳದ ಜೋಡಣೆ. ನಾನಿದ್ದ ಯಾವ ಕಾರ್ಖಾನೆಯ ಮೇಜಿನ ಮೇಲೂ ಈ ಅಂಗಿಗೆ ಒಂದೇ ಒಂದು ಸ್ಟಿಕರ್ ಬೀಳುತ್ತಿರಲಿಲ್ಲ.

ಇಲ್ಲಿ ಹತ್ತಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ದುಬಾರಿ ಟೀ-ಶರ್ಟಿನ ಪರವಾಗಿ ಹೇಳಬಹುದಾದ ಅತ್ಯಂತ ಪ್ರಾಮಾಣಿಕ ಮಾತು ಅಲ್ಲಿಯೇ ಇದೆ. ನಮ್ಮಲ್ಲಿ ಸಾಮಾನ್ಯವಾಗಿ ಬೆಳೆಯುವ ಹತ್ತಿಯ ಎಳೆ 27ರಿಂದ 30 ಮಿಲಿಮೀಟರ್ ಉದ್ದವಿರುತ್ತದೆ. 35 ಮಿಲಿಮೀಟರಿನ ಆಸುಪಾಸಿನಿಂದ ಮೇಲಿನದು ಅತಿ ಉದ್ದ ಎಳೆಯ ಹತ್ತಿ. ಈಜಿಪ್ಟಿನ ಗೀಜಾ, ಅಮೆರಿಕದ ಪೀಮಾ, ವೆಸ್ಟ್ ಇಂಡೀಸಿನ ಸೀ ಐಲೆಂಡ್ ಈ ಕುಲದವು. ಎಳೆ ಉದ್ದವಾದಷ್ಟೂ ನೂಲಿನಲ್ಲಿ ತುದಿಗಳು ಕಡಿಮೆ. ತುದಿ ಕಡಿಮೆಯಾದರೆ ಜುಂಗು ಏಳುವುದು ಕಡಿಮೆ, ನೂಲನ್ನು ಸಣ್ಣಗೆ ತೆಗೆದರೂ ಕಸುವು ಉಳಿಯುತ್ತದೆ. ಇದರ ಮೇಲೆ ಕೋಂಬಿಂಗ್ ಎಂಬ ಕೆಲಸ ಮಾಡಿದರೆ ಗಿಡ್ಡ ಎಳೆಗಳೆಲ್ಲ ಬಾಚಿ ಹೊರಹೋಗುತ್ತವೆ. ಆಗ ನೂರು ಕಿಲೋ ಅರಳೆಯಲ್ಲಿ ಹದಿನೈದು ಇಪ್ಪತ್ತು ಕಿಲೋ ಹಾಗೆಯೇ ಕಳೆದುಹೋಗುತ್ತದೆ. ಅಂದರೆ ಒಳ್ಳೆಯ ನೂಲಿನ ಬೆಲೆಯಲ್ಲಿ, ಬಿಟ್ಟುಕೊಟ್ಟ ಹತ್ತಿಯ ಬೆಲೆಯೂ ಸೇರಿರುತ್ತದೆ. ಇದು ನ್ಯಾಯವಾದ ಬೆಲೆ.

ಈ ಮಟ್ಟದ ಹತ್ತಿ ದೂರದೇಶದ್ದೇ ಆಗಬೇಕೆಂದಿಲ್ಲ ಎಂಬುದನ್ನೂ ಹೇಳಲೇಬೇಕು. 1974ರಲ್ಲಿ ಕೊಯಮತ್ತೂರಿನಿಂದ ಬಿಡುಗಡೆಯಾದ ಸುವಿನ್ ತಳಿ ಸುಜಾತಾ ಮತ್ತು ಸೇಂಟ್ ವಿನ್ಸೆಂಟ್ ಎಂಬ ಎರಡು ತಳಿಗಳ ಸಂಕರ. ಜಗತ್ತಿನ ಅತ್ಯುತ್ತಮ ಹತ್ತಿಗಳ ಸಾಲಿನಲ್ಲಿ ಅದರ ಹೆಸರಿದೆ. ನಮ್ಮ ಧಾರವಾಡದಲ್ಲಿ 1972ರಲ್ಲಿ ವರಲಕ್ಷ್ಮಿ ಎಂಬ ಸಂಕರ ತಳಿ ರೂಪುಗೊಂಡಿತು, ಆಮೇಲೆ ಡಿಸಿಎಚ್-32 ಬಂತು. ಹಾವೇರಿ, ಧಾರವಾಡ, ಎಚ್. ಡಿ. ಕೋಟೆಯ ಕಡೆಯ ರೈತರ ಬಾಯಲ್ಲಿ ಅದು ಬರೀ ‘ಡಿಸಿಎಚ್’. ಎಳೆ 34ರಿಂದ 36 ಮಿಲಿಮೀಟರ್. ನನ್ನ ಸೋದರಮಾವನ ಹೊಲದಲ್ಲಿ ಡಿಸಿಎಚ್ ಬೆಳೆಯುತ್ತಿದ್ದರು. ಬಿಡಿಸಿದ ಹತ್ತಿಯನ್ನು ಎಲೆಚೂರಿಲ್ಲದಂತೆ ಆರಿಸುತ್ತಾ ಅಜ್ಜಿ ಜಗಲಿಯಲ್ಲಿ ಕೂತಿರುತ್ತಿದ್ದಳು. ಆ ಹತ್ತಿ ಯಾವ ದೇಶದ ಯಾರ ಮೈಮೇಲೆ ಏರುತ್ತಿತ್ತೋ ಅವಳಿಗೆ ಗೊತ್ತಿರಲಿಲ್ಲ. ಮಿಲಾನಿನ ಪೆಟ್ಟಿಗೆಯ ಮುಂದೆ ಕೂತಾಗ ನನಗೆ ಆ ಜಗಲಿ ನೆನಪಾದದ್ದು ಸಹಜ.

ಇನ್ನು ಲೆಕ್ಕಕ್ಕೆ ಬರೋಣ. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಅಂಗಿಯ ತೂಕ 170 ಗ್ರಾಂ. ಕತ್ತರಿಸುವಾಗ ಹೋಗುವ ಚೂರುಪಾರುಗಳನ್ನೂ ಸೇರಿಸಿ ಕಾಲು ಕಿಲೋ ಬಟ್ಟೆ ಎಂದಿಟ್ಟುಕೊಳ್ಳೋಣ. ಕಿಲೋಗೆ 40 ಯೂರೋ ಕೊಟ್ಟರೆಂದು ಕೈ ಬಿಚ್ಚಿ ಲೆಕ್ಕ ಹಾಕಿದರೂ ಬಟ್ಟೆಗೆ 10 ಯೂರೋ. ಸಾಧಾರಣ ಟೀ-ಶರ್ಟನ್ನು ಹೊಲಿಯಲು ನಮ್ಮ ಲೈನುಗಳಲ್ಲಿ ಏಳೆಂಟು ನಿಮಿಷದ ಲೆಕ್ಕ. ಇಷ್ಟು ಅಚ್ಚುಕಟ್ಟಾದ ಕೆಲಸಕ್ಕೆ ಇಪ್ಪತ್ತೈದು ನಿಮಿಷ ಕೊಡೋಣ. ಇಟಲಿಯಲ್ಲಿ ಕೆಲಸಗಾರರ ಒಂದು ಗಂಟೆಗೆ ಮಾಲೀಕನಿಗೆ ತಗಲುವ ಸರಾಸರಿ ವೆಚ್ಚ 30 ಯೂರೋಗಳ ಆಸುಪಾಸು. ಹಾಗಾಗಿ ಹೊಲಿಗೆಗೆ 12 ಅಥವಾ 13 ಯೂರೋ. ಕತ್ತರಿಸುವುದು, ಇಸ್ತ್ರಿ, ಲೇಬಲ್ಲು, ಆ ಚೆಂದದ ಪೆಟ್ಟಿಗೆ, ಕಾರ್ಖಾನೆಯ ಬಾಡಿಗೆ, ವಿದ್ಯುತ್ತು, ಕಾರ್ಖಾನೆಯವನ ಲಾಭ ಎಲ್ಲಕ್ಕೂ ಸೇರಿ ಇನ್ನೊಂದು 12. ಎಷ್ಟು ಉದಾರವಾಗಿ ಕೂಡಿದರೂ 35 ಯೂರೋ ದಾಟಿಸಲು ನನ್ನಿಂದ ಆಗಲಿಲ್ಲ. 390ರಲ್ಲಿ ಇಟಲಿಯ ಶೇಕಡ 22ರ ತೆರಿಗೆ ಸುಮಾರು 70 ಯೂರೋ. ಅದನ್ನು ಕಳೆದರೆ ಉಳಿಯುವುದು 320. ಅದರಲ್ಲಿ 35 ಅಂಗಿಯದು. ಮಿಕ್ಕ 285 ಯೂರೋಗಳು ಅಂಗಿಯಲ್ಲಿ ಇಲ್ಲ. ನಾನು ಎಷ್ಟೇ ನೂಲು ಬಿಚ್ಚಿ ನೋಡಿದರೂ ಸಿಕ್ಕುವಂಥವಲ್ಲ.

ಆ 285ರಲ್ಲಿ ಒಂದು ಪಾಲು ಅಂಗಡಿಯದು. 2024ರಲ್ಲಿ ಮಿಲಾನಿನ ವಿಯಾ ಮೊಂಟೆನಾಪೊಲಿಯೊನೆ ಎಂಬ ಬೀದಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂವನ್ನು ಹಿಂದಿಕ್ಕಿ ಜಗತ್ತಿನ ಅತಿ ದುಬಾರಿ ಅಂಗಡಿಬೀದಿ ಎನಿಸಿಕೊಂಡಿತು. ಅಲ್ಲಿ ಒಂದು ಚದರ ಮೀಟರಿಗೆ ವರ್ಷದ ಬಾಡಿಗೆ ಸುಮಾರು 20,000 ಯೂರೋ. ಟೀ-ಶರ್ಟು ಮಡಿಸಿಡುವ ಕಪಾಟಿಗೇ ಅಷ್ಟು ಜಾಗ ಬೇಕು. ಜಾಹೀರಾತು, ಫ್ಯಾಷನ್ ಶೋ, ಮಾರಾಟವಾಗದೆ ಉಳಿದ ಸರಕು, ಇವೂ ಇವೆ. ಆದರೆ ಎಲ್ಲವೂ ಖರ್ಚೇ ಆಗಿಹೋಗುತ್ತದೆ ಎಂದುಕೊಳ್ಳುವಂತಿಲ್ಲ. ಈ ವ್ಯಾಪಾರದ ಅತಿದೊಡ್ಡ ಸಂಸ್ಥೆಯಾದ ಎಲ್‌ವಿಎಂಎಚ್ 2023ರಲ್ಲಿ ತನ್ನ ಫ್ಯಾಷನ್ ಮತ್ತು ಚರ್ಮದ ವಿಭಾಗದಿಂದ 42.2 ಶತಕೋಟಿ ಯೂರೋಗಳ ವಹಿವಾಟು ನಡೆಸಿ 16.8 ಶತಕೋಟಿ ಲಾಭ ತೋರಿಸಿತು. ನೂರಕ್ಕೆ ನಲವತ್ತು. ನಾನು ಕಂಡ ಗಾರ್ಮೆಂಟ್ಸು ಮಾಲೀಕರು ನೂರಕ್ಕೆ ಎಂಟು ಉಳಿದರೆ ಆ ವರ್ಷ ಒಳ್ಳೆಯದೆನ್ನುತ್ತಿದ್ದರು.

ಸಾದಾ ಉಡುಪಿನಲ್ಲಿ ಈ ಅಂತರ ಎದ್ದು ಕಾಣುವುದಕ್ಕೆ ಕಾರಣವಿದೆ. ಕಸೂತಿಯ ಕೋಟಿಗೆ, ಹೊಸ ಬಗೆಯ ಕತ್ತರಿಕೆಯ ಮೇಲಂಗಿಗೆ ಬೆಲೆ ಹೆಚ್ಚಿದ್ದರೆ ಅಲ್ಲೊಬ್ಬ ಕಲಾವಿದನ ಯೋಚನೆ ಇದೆ ಎನ್ನಬಹುದು. ಅದಕ್ಕೆ ಬೆಲೆ ಕೊಡಲೇಬೇಕು. ಬಿಳಿ ಟೀ-ಶರ್ಟಿನಲ್ಲಿ ಹೊಸದಾಗಿ ಯೋಚಿಸಲು ಉಳಿದಿರುವ ಜಾಗ ತೀರ ಕಿರಿದು: ಕುತ್ತಿಗೆಯ ಅಗಲ, ತೋಳಿನ ಇಳಿಜಾರು, ಭುಜದ ಹೊಲಿಗೆ ಎಲ್ಲಿ ಕೂರಬೇಕೆಂಬ ತೀರ್ಮಾನ. ನನ್ನ ಟೀ-ಶರ್ಟಿನಲ್ಲಿ ಅದನ್ನೂ ಒಳ್ಳೆಯ ಕಣ್ಣುಳ್ಳವರು ಮಾಡಿದ್ದರು, ಭುಜದ ಹೊಲಿಗೆಯನ್ನು ಬೆರಳಗಲ ಮುಂದಕ್ಕೆ ಸರಿಸಿದ್ದರಿಂದ ಅಂಗಿ ಹಿಂದಕ್ಕೆ ಜಾರುತ್ತಿರಲಿಲ್ಲ. ಆದರೆ ಒಂದು ಪ್ಯಾಟರ್ನು ಒಮ್ಮೆ ಕಾಗದಕ್ಕೆ ಇಳಿದರೆ ಲಕ್ಷ ಅಂಗಿಗಳಿಗೆ ಅದೇ ಸಾಕು; ಅದರ ವೆಚ್ಚ ಅಂಗಿಯೊಂದಕ್ಕೆ ಕಾಸಿನ ಲೆಕ್ಕದಲ್ಲಿ ಹಂಚಿಹೋಗುತ್ತದೆ. 2013ರಲ್ಲಿ ಫ್ರಾನ್ಸಿನ ಎಪಿಸಿ ಸಂಸ್ಥೆ ಹಾಡುಗಾರ ಕಾನ್ಯೆ ವೆಸ್ಟ್ ಜೊತೆ ಸೇರಿ ಏನೂ ಬರೆಯದ ಬಿಳಿ ಟೀ-ಶರ್ಟನ್ನು 120 ಡಾಲರಿಗೆ ಮಾರಿತು. ಬಂದ ಬೆನ್ನಿಗೇ ಎಲ್ಲ ಖಾಲಿಯಾಯಿತು. ಆಗ ಕಾರ್ಖಾನೆಯಲ್ಲಿ ಆ ಸುದ್ದಿಯನ್ನು ನಾವು ನಂಬಲಾರದೆ ಒಬ್ಬರಿಗೊಬ್ಬರು ಓದಿ ಹೇಳಿಕೊಂಡಿದ್ದೆವು. ಇಂದು 120 ಡಾಲರ್ ಎಂದರೆ ಆ ಲೋಕದಲ್ಲಿ ಅಗ್ಗದ ಬೆಲೆ.

‘ದುಬಾರಿಯಾದರೂ ಬಾಳಿಕೆ ಬರುತ್ತದೆ’ ಎಂಬುದು ಎಲ್ಲರೂ ಹೇಳುವ ಮಾತು. ನಮ್ಮ ಹಿರಿಯರೂ ಹೇಳುತ್ತಿದ್ದರು, ಅವರ ಕಾಲದ ಬಟ್ಟೆಯ ಮಟ್ಟಿಗೆ ಅದು ಬಹುಪಾಲು ನಿಜವೂ ಆಗಿತ್ತು. ಅದನ್ನು ಪರೀಕ್ಷಿಸಬೇಕೆಂದು ಮೂರು ಬಿಳಿ ಟೀ-ಶರ್ಟುಗಳನ್ನು ಒಂದೇ ಸಮ ತೊಟ್ಟು, ಒಂದೇ ನೀರಿನಲ್ಲಿ ಒಗೆದು, ನೆರಳಲ್ಲಿ ಒಣಗಿಸಿದೆ. ಒಂದು ಮಿಲಾನಿನದು. ಇನ್ನೊಂದು ಉದ್ದ ಎಳೆಯ ಹತ್ತಿಯದೇ ಆದ, 1,200 ರೂಪಾಯಿಯದು. ಮೂರನೆಯದು ತಿರುಪ್ಪೂರಿನಲ್ಲಿ ಹೊಲಿದ, 180 ಜಿಎಸ್‌ಎಂ (ಚದರ ಮೀಟರಿಗೆ 180 ಗ್ರಾಂ ತೂಗುವ) ಕೋಂಬ್ಡ್ ಹತ್ತಿಯ, 450 ರೂಪಾಯಿಯದು. ಹೆಣಿಗೆಯ ಬಟ್ಟೆ ನೋಡುವವರು ಮೊದಲು ಗಮನಿಸುವುದು ಪಕ್ಕದ ಹೊಲಿಗೆಯನ್ನು. ಒಂಟಿ ನೂಲಿನ ಹುರಿಗೆ ಬಿಚ್ಚಿಕೊಳ್ಳುವ ಸ್ವಭಾವವಿರುವುದರಿಂದ ನಾಲ್ಕಾರು ಒಗೆತಗಳಾದ ಮೇಲೆ ಆ ಹೊಲಿಗೆ ಮೆಲ್ಲಗೆ ಹೊಟ್ಟೆಯ ಕಡೆ ತಿರುಗಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಇದನ್ನು ಸ್ಪೈರಾಲಿಟಿ ಎನ್ನುತ್ತೇವೆ. ಮೂರನೆಯ ಅಂಗಿಯಲ್ಲಿ ಅದು ಮೂರು ಬೆರಳಗಲ ತಿರುಗಿತು. ಎರಡನೆಯದರಲ್ಲಿ ಒಂದು ಬೆರಳು. ಮಿಲಾನಿನದರಲ್ಲಿ ಕೂದಲೆಳೆಯಷ್ಟೂ ಇಲ್ಲ. ಎರಡು ನೂಲು ಸೇರಿಸಿ ಹುರಿ ಮಾಡಿದ್ದಕ್ಕೆ ಸಿಕ್ಕ ಪ್ರತಿಫಲ ಅದು. ಒಂದು ವರ್ಷ, ಮೂವತ್ತಕ್ಕೂ ಹೆಚ್ಚು ಒಗೆತ. ಹೊಳಪು, ಆಕಾರ, ಕುತ್ತಿಗೆಯ ಬಿಗಿ, ಮೂರರಲ್ಲೂ ಮಿಲಾನಿನದೇ ಮೇಲು.

ಆದರೆ ಮೊದಲು ತೂತು ಬಿದ್ದದ್ದೂ ಅದಕ್ಕೇ. ಹೊಕ್ಕುಳಿನ ಕೆಳಗೆ, ಬೆಲ್ಟಿನ ಬಕಲ್ಲು ಮತ್ತು ಅಡುಗೆಮನೆಯ ಕಟ್ಟೆಯ ಅಂಚು ಸದಾ ಉಜ್ಜುವ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ಚಿಕ್ಕ ತೂತು. ಸಣ್ಣ ನೂಲಿನ ನವಿರಾದ ಬಟ್ಟೆ ಸುಖ ಕೊಡುತ್ತದೆ. ಉಜ್ಜಾಟ ತಾಳುವ ಶಕ್ತಿ ಬರುವುದು ಹೆಚ್ಚಾಗಿ ಬಟ್ಟೆಯ ದಪ್ಪದಿಂದ. 450 ರೂಪಾಯಿಯ ಅಂಗಿ ವಕ್ರವಾಗಿದ್ದರೂ ಇನ್ನೂ ತೂತಿಲ್ಲದೆ ಇದೆ. ನನ್ನ ಒಂದು ಅಂಗಿಯ ಅನುಭವ ನಿಯಮವಾಗಲಾರದು, ಒಪ್ಪುತ್ತೇನೆ. ಆದರೆ 2025ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯವೂ ರ್‍ಯಾಪ್ ಎಂಬ ಸಂಸ್ಥೆಯೂ ಸೇರಿ 47 ಟೀ-ಶರ್ಟುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಹೇಳಿದ್ದೂ ಇದನ್ನೇ: ಬೆಲೆಗೂ ಬಾಳಿಕೆಗೂ ಸಂಬಂಧ ಕಾಣಲಿಲ್ಲ. ಅತ್ಯುತ್ತಮವೆನಿಸಿದ ಹತ್ತರಲ್ಲಿ ಆರು 15 ಪೌಂಡಿಗಿಂತ ಕಡಿಮೆ ಬೆಲೆಯವು. 28 ಪೌಂಡಿನ ಒಂದು ಅಂಗಿ 142 ಪೌಂಡಿನ ಅಂಗಿಯನ್ನು ಮೀರಿಸಿತು. ಅಂಗಡಿಯಲ್ಲಿ ಬೆರಳಿಗೆ ಸಿಗುವ ಮೆದುತನವನ್ನು ನಂಬಬೇಡಿ ಎಂದು ನಾನು ಸ್ನೇಹಿತರಿಗೆ ಯಾವಾಗಲೂ ಹೇಳುತ್ತೇನೆ. ಆ ಮೆದುತನ ಎಷ್ಟೋ ಬಾರಿ ಕೊನೆಯ ಹಂತದಲ್ಲಿ ಬಟ್ಟೆಗೆ ಉಣಿಸಿದ ಸಿಲಿಕೋನಿನದು. ಹತ್ತು ಒಗೆತಗಳಲ್ಲಿ ನೀರಿನೊಡನೆ ಹೋಗಿಬಿಡುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ಹೆಣಿಗೆ ಸಮವಾಗಿದೆಯೇ ನೋಡಿ, ಒಳಗು ತಿರುವಿ ಹೊಲಿಗೆ ಎಣಿಸಿ, ಪಕ್ಕದ ಹೊಲಿಗೆ ನೆಟ್ಟಗಿದೆಯೇ ನೋಡಿ. ಇದಕ್ಕೆ ಎರಡು ನಿಮಿಷ ಸಾಕು.

ಎಲ್ಲ ಸಾದಾ ಉಡುಪುಗಳ ಕಥೆಯೂ ಒಂದೇ ಅಲ್ಲ. ಕ್ಯಾಶ್ಮೀರ್ ಸ್ವೆಟರಿನ ಬಗ್ಗೆ ನನ್ನ ಮನಸ್ಸು ಬೇರೆ. ಮಂಗೋಲಿಯಾದ, ಒಳ ಮಂಗೋಲಿಯಾದ, ನಮ್ಮ ಲಡಾಖಿನ ಚಾಂಗ್‌ಥಾಂಗಿನ ಆಡುಗಳ ಮೈಯ ಒಳತುಪ್ಪಳವನ್ನು ವಸಂತದಲ್ಲಿ ಬಾಚಿ ತೆಗೆಯಬೇಕು. ಒರಟು ಕೂದಲನ್ನು ಬೇರ್ಪಡಿಸಿದ ಮೇಲೆ ಒಂದು ಆಡಿನಿಂದ ವರ್ಷಕ್ಕೆ ಉಳಿಯುವುದು 150ರಿಂದ 200 ಗ್ರಾಂ. ಎಳೆಯ ದಪ್ಪ 19 ಮೈಕ್ರಾನಿಗಿಂತ ಕಡಿಮೆ. ಚಾಂಗ್‌ಥಾಂಗಿನ ಪಶ್ಮೀನಾ 12ರಿಂದ 15. ಒಂದು ಸ್ವೆಟರಿಗೆ ಎರಡು ಮೂರು ಆಡುಗಳ ಇಡೀ ವರ್ಷದ ತುಪ್ಪಳ ಬೇಕು, ಇದನ್ನು ಯಾವ ಯಂತ್ರವೂ ಹೆಚ್ಚಿಸಲಾರದು. ಅದರ ಮೇಲೆ, ಒಳ್ಳೆಯ ಸ್ವೆಟರನ್ನು ಬಟ್ಟೆ ಕತ್ತರಿಸಿ ಹೊಲಿಯುವುದಿಲ್ಲ; ಬೆನ್ನು, ಎದೆ, ತೋಳುಗಳನ್ನು ಆಯಾ ಆಕಾರಕ್ಕೇ ಹೆಣೆದು, ಒಂದು ಕುಣಿಕೆಗೆ ಇನ್ನೊಂದು ಕುಣಿಕೆಯನ್ನು ಸೂಜಿಗಳ ವೃತ್ತದ ಮೇಲೆ ಕೈಯಾರೆ ಏರಿಸಿ ಜೋಡಿಸುತ್ತಾರೆ. ಲಿಂಕಿಂಗ್ ಎನ್ನುವ ಈ ಕೆಲಸವನ್ನು ನಾನು ನೋಡಿದ್ದೇನೆ. ಕಪ್ಪು ಸ್ವೆಟರಾದರೆ ದೀಪದ ಕೆಳಗೂ ಕುಣಿಕೆ ಕಾಣುವುದಿಲ್ಲ, ಬೆರಳಿನ ನೆನಪಿನಿಂದಲೇ ಏರಿಸಬೇಕು. ಹಾಗೆ ಮಾಡಿದ ಸ್ವೆಟರಿಗೆ ಇಪ್ಪತ್ತು ಇಪ್ಪತ್ತೈದು ಸಾವಿರ ಕೇಳಿದರೆ ನಾನು ತಕರಾರು ಮಾಡಲಾರೆ. ಜಪಾನಿನ ವಕಾಯಾಮಾದಲ್ಲಿ ಹಳೆಯ ವೃತ್ತಾಕಾರದ ಯಂತ್ರಗಳು ಗಂಟೆಗೆ ಸುಮಾರು ಒಂದು ಮೀಟರಿನಂತೆ, ನೂಲನ್ನು ಎಳೆಯದೆ ಜಗ್ಗದೆ ಹೆಣೆಯುವ ಬಟ್ಟೆಗೂ ಇದೇ ಮಾತು. ಅಡಿ ಸವೆದರೆ ಬಿಚ್ಚಿ ಮತ್ತೆ ಹೊಲಿಯಬಹುದಾದ ವೆಲ್ಟಿನ ಶೂಗಳಿಗೂ. ಇವುಗಳಲ್ಲಿ ಸಮಯ ಸೇರಿದೆ, ಅದು ಕೈಗೆ ತಿಳಿಯುತ್ತದೆ.

ಶರ್ಟಿನ ವಿಷಯದಲ್ಲಿ ನಮಗೆ ಇನ್ನೊಂದು ದಾರಿಯೇ ಇದೆ. ಇಟಲಿಯ ಅಲ್ಬೀನಿ ಗಿರಣಿ 1876ರದು. ಅದು 1992ರಲ್ಲಿ ಕೊಂಡುಕೊಂಡ ಇಂಗ್ಲೆಂಡಿನ ಥಾಮಸ್ ಮೇಸನ್ 1796ರದು. ದೊಡ್ಡ ಹೆಸರಿನ ಮನೆಗಳು ಶರ್ಟು ಹೊಲಿಸುವುದು ಇಂಥ ಗಿರಣಿಗಳ ಬಟ್ಟೆಯಲ್ಲೇ, ಮತ್ತು ಅದೇ ಬಟ್ಟೆ ಬೆಂಗಳೂರಿನ ಬಟ್ಟೆ ಅಂಗಡಿಗಳಲ್ಲೂ ಮೀಟರಿನ ಲೆಕ್ಕದಲ್ಲಿ ಸಿಗುತ್ತದೆ. ಬಸವನಗುಡಿಯಲ್ಲಿ ನನಗೆ ಹೊಲಿಯುವ ದರ್ಜಿಯೊಬ್ಬರಿದ್ದಾರೆ. ಕೈಯಲ್ಲಿ ಕಾಜಾ ಹೊಡೆಯಬಲ್ಲ ಕೆಲವೇ ಮಂದಿಯಲ್ಲಿ ಒಬ್ಬರು. ನನ್ನ ಬಲಭುಜ ಎಡಕ್ಕಿಂತ ತುಸು ಕೆಳಗಿದೆ ಎಂಬುದನ್ನು ಅವರು ಮೊದಲ ಅಳತೆಯಲ್ಲೇ ಕಂಡು, ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ಅಂಥ ಬಟ್ಟೆ, ಅವರ ಹೊಲಿಗೆ, ಮುತ್ತಿನ ಚಿಪ್ಪಿನ ಗುಂಡಿ, ಎಲ್ಲ ಸೇರಿ ಏಳೆಂಟು ಸಾವಿರದಲ್ಲಿ ಮುಗಿಯುವ ಶರ್ಟಿಗೆ ಅಂಗಡಿಯಲ್ಲಿ ಐವತ್ತು ಸಾವಿರ ಕೊಡುವುದಕ್ಕೆ ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಇಷ್ಟಾದರೂ, ಬೆಲೆ ಹೆಚ್ಚೆಂಬುದೊಂದೇ ನನ್ನನ್ನು ಕಾಡುತ್ತಿರಲಿಲ್ಲ. ಹಣವಿದ್ದವರು ಕೊಡುತ್ತಾರೆ, ಅದು ಅವರ ಇಷ್ಟ. ಆ 285 ಯೂರೋಗಳಲ್ಲಿ ಒಂದಿಷ್ಟಾದರೂ ಸೂಜಿಯ ಮುಂದೆ ಕೂತವರಿಗೆ ಹೋಗುತ್ತಿದ್ದರೆ ನಾನೇ ಮುಂದೆ ನಿಂತು ಈ ಬೆಲೆಯನ್ನು ಸಮರ್ಥಿಸುತ್ತಿದ್ದೆ. ದುಬಾರಿ ಉಡುಪಿನ ಪರವಾದ ಅತಿ ಗಟ್ಟಿಯಾದ ವಾದ ಇದೇ ಅಲ್ಲವೇ: ಅಗ್ಗದ ಅಂಗಿಯ ಹಿಂದೆ ಯಾರದೋ ಕಣ್ಣೀರಿದೆ, ದುಬಾರಿ ಅಂಗಿಯ ಹಿಂದೆ ಗೌರವದಿಂದ ದುಡಿಯುವ ಕುಶಲಕರ್ಮಿ ಇದ್ದಾನೆ ಎಂಬುದು. ಅದನ್ನು ನಾನೂ ಬಹಳ ವರ್ಷ ನಂಬಿದ್ದೆ.

2024ರ ಜನವರಿಯಿಂದ ಮಿಲಾನಿನ ನ್ಯಾಯಾಲಯ ದುಬಾರಿ ಉಡುಪು, ಕೈಚೀಲಗಳ ಕಂಪನಿಗಳ ಮೇಲೆ ಒಂದಾದ ಮೇಲೊಂದರಂತೆ ಆದೇಶ ಹೊರಡಿಸಿತು. ಮೊದಲು ಅಲ್ವಿಯೆರೊ ಮಾರ್ಟೀನಿ, ಏಪ್ರಿಲಿನಲ್ಲಿ ಅರ್ಮಾನಿಯ ಒಂದು ಘಟಕ, ಜೂನಿನಲ್ಲಿ ಡಿಯೋರಿನ ತಯಾರಿಕಾ ಘಟಕ, 2025ರ ಜುಲೈನಲ್ಲಿ ಲೋರೊ ಪಿಯಾನಾ. ಎಲ್ಲವನ್ನೂ ನ್ಯಾಯಾಲಯ ತನ್ನ ಮೇಲ್ವಿಚಾರಣೆಗೆ ತೆಗೆದುಕೊಂಡಿತು. ಕೆಲಸ ಕೈಬದಲಾಗುತ್ತಾ ಹೋಗಿ ಮಿಲಾನಿನ ಸುತ್ತಲಿನ ಸಣ್ಣ ಕಾರ್ಖಾನೆಗಳನ್ನು ಸೇರಿತ್ತು. ಅಲ್ಲಿ ವಲಸಿಗರು ಕಡಿಮೆ ಕೂಲಿಗೆ ಹೊತ್ತುಗೊತ್ತಿಲ್ಲದೆ ದುಡಿಯುತ್ತಿದ್ದರು, ಕೆಲವರು ಅಲ್ಲೇ ಮಲಗುತ್ತಿದ್ದರು. ಅಂಗಡಿಯಲ್ಲಿ 2,600 ಯೂರೋಗೆ ಮಾರುವ ಒಂದು ಕೈಚೀಲವನ್ನು ಜೋಡಿಸಿಕೊಡಲು ಚರ್ಮದ ವೆಚ್ಚ ಬಿಟ್ಟು 53 ಯೂರೋ ಕೊಟ್ಟದ್ದು ದಾಖಲೆಗಳಲ್ಲಿತ್ತು. ಕಂಪನಿಗಳ ಮೇಲೆ ಅಪರಾಧದ ಆರೋಪ ಹೊರಿಸಿರಲಿಲ್ಲ. ಪೂರೈಕೆದಾರರ ಮೇಲೆ ಕಣ್ಣಿಡಬೇಕಾದಷ್ಟು ಇಡಲಿಲ್ಲ ಎಂಬುದು ನ್ಯಾಯಾಲಯ ಕಂಡ ಲೋಪ. ಅರ್ಮಾನಿ ಮತ್ತು ಡಿಯೋರ್ ಘಟಕಗಳ ಮೇಲ್ವಿಚಾರಣೆಯನ್ನು 2025ರಲ್ಲಿ ತೆರವು ಮಾಡಿದ್ದೂ ನಿಜ, ಅದನ್ನು ಹೇಳದೆ ಬಿಡುವುದು ಸರಿಯಲ್ಲ. ಆದರೆ ಆ ವರದಿಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಸಂಗತಿ: ಕೆಲಸ ಬೇಗ ಸಾಗಲೆಂದು ಯಂತ್ರಗಳ ಸುರಕ್ಷಾ ಕವಚಗಳನ್ನು ತೆಗೆದುಹಾಕಿದ್ದರು.

ಅದನ್ನು ಓದಿದಾಗ ನನ್ನ ಹೊಟ್ಟೆಯಲ್ಲಿ ತಣ್ಣಗಾಯಿತು. ನಾನು ಕೆಲಸ ಮಾಡಿದ ಒಂದು ಕಾರ್ಖಾನೆಯಲ್ಲಿ ತಪಾಸಣೆಗೆ ಬರುವವರಿದ್ದ ದಿನ ಬೆಳಿಗ್ಗೆ ಎಲ್ಲ ಓವರ್‌ಲಾಕ್ ಯಂತ್ರಗಳಿಗೂ ಸೂಜಿಯ ಕಾಪು ಹಾಕಿಸುತ್ತಿದ್ದರು. ಅವರು ಹೋದ ಮರುದಿನ, ಗಂಟೆಯ ಟಾರ್ಗೆಟ್ಟು ತಲುಪಲಾಗದೆ ಹೆಣ್ಣುಮಕ್ಕಳೇ ಅದನ್ನು ಬೆರಳಿನಿಂದ ಮೇಲಕ್ಕೆ ಎತ್ತಿಬಿಡುತ್ತಿದ್ದರು. ಮಂಡ್ಯ, ಕನಕಪುರದ ಕಡೆಯಿಂದ ಬೆಳಿಗ್ಗೆ ಐದಕ್ಕೆ ಬುತ್ತಿ ಕಟ್ಟಿಕೊಂಡು ಹೊರಟು ಬರುತ್ತಿದ್ದವರು ಅವರು. ನಾನು ಬಿಡುವ ಹೊತ್ತಿಗೆ ತಿಂಗಳ ಕೊನೆಗೆ ಅವರ ಕೈಗೆ ಸಿಗುತ್ತಿದ್ದುದು ಹತ್ತು ಸಾವಿರದ ಆಸುಪಾಸು. ಒಮ್ಮೆ ಒಬ್ಬಾಕೆಯ ತೋರುಬೆರಳಿನ ಉಗುರಿನ ಮೂಲಕ ಸೂಜಿ ಹಾದುಹೋಯಿತು. ಬಿಳಿ ಬಟ್ಟೆಯ ಮೇಲೆ ರಕ್ತ ಬಿದ್ದುದರಿಂದ ಆ ಕಟ್ಟಿನ ಅಷ್ಟೂ ಅಂಗಿಗಳನ್ನು ಪಕ್ಕಕ್ಕಿಟ್ಟು ಪರೀಕ್ಷಿಸುವಂತೆ ನನಗೆ ಹೇಳಿದರು. ನಾನು ಅಂಗಿಗಳನ್ನು ಪರೀಕ್ಷಿಸಿದೆ. ಆಕೆಯನ್ನು ನೋಡಲು ಹೋದದ್ದು ಸಂಜೆ, ಕೆಲಸ ಮುಗಿದ ಮೇಲೆ. ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ.

ಫೇರ್ ವೇರ್ ಫೌಂಡೇಶನ್ ಎಂಬ ಯುರೋಪಿನ ಸಂಸ್ಥೆ ಹಿಂದೊಮ್ಮೆ 29 ಯೂರೋಗಳ ಟೀ-ಶರ್ಟಿನ ಬೆಲೆಯನ್ನು ಬಿಡಿಸಿ ತೋರಿಸಿತ್ತು. ಅದರಲ್ಲಿ ಹೊಲಿದವರ ಕೂಲಿ 18 ಸೆಂಟ್. ಬೆಲೆಯನ್ನು ಹತ್ತುಪಟ್ಟು ಏರಿಸಿದರೆ ಕೂಲಿಯೂ ತಾನಾಗಿ ಏರುತ್ತದೆ ಎಂಬ ಭರವಸೆ ಎಲ್ಲಿಯೂ ಬರೆದಿಲ್ಲ. ಪೆರುವಿನ ಆಂಡಿಸ್ ಪರ್ವತಗಳಲ್ಲಿ ವಿಕುನ್ಯಾ ಎಂಬ ಪ್ರಾಣಿಯಿದೆ. ಅದರ ತುಪ್ಪಳದ ಸ್ವೆಟರು ಸುಮಾರು 9,000 ಡಾಲರಿಗೆ ಮಾರಾಟವಾಗುತ್ತದೆ. ಅಷ್ಟು ತುಪ್ಪಳ ಕತ್ತರಿಸಿಕೊಟ್ಟ ಲೂಕನಾಸ್ ಎಂಬ ಊರಿನ ಜನಕ್ಕೆ ಸಿಗುವುದು 280 ಡಾಲರ್ ಎಂದು 2024ರಲ್ಲಿ ವರದಿಯಾಯಿತು. ಜಗತ್ತಿನ ಅತ್ಯಂತ ಅಪರೂಪದ ಎಳೆಗೂ ಇದೇ ಗತಿಯಾದರೆ ಹತ್ತಿಯ ಮಾತೇಕೆ? 1978ರಿಂದ ಕ್ಯಾಶ್ಮೀರ್ ಹೆಣೆಯುತ್ತಿರುವ, ಇಟಲಿಯ ಸೊಲೊಮೆಯೊದ ಬ್ರುನೆಲೊ ಕುಚಿನೆಲ್ಲಿಯಂಥವರು ಸರಾಸರಿಗಿಂತ ಹೆಚ್ಚು ಕೂಲಿ ಕೊಡುತ್ತೇವೆಂದು ಬಹಿರಂಗವಾಗಿ ಹೇಳುತ್ತಾರೆ; ಅಂಥ ಮಾತು ಅಂಗಿಯ ಲೇಬಲ್ಲಿನಲ್ಲೇ ಅಂಕಿಗಳೊಂದಿಗೆ ಬರುವಂತಾಗಬೇಕು ಎಂಬುದು ನನ್ನ ಆಸೆ. ಹತ್ತಿ ಎಷ್ಟು ಶೇಕಡ ಎಂದು ಬರೆಯಲು ಸಾಧ್ಯವಾದರೆ, ಕೂಲಿ ಎಷ್ಟು ಶೇಕಡ ಎಂದು ಬರೆಯಲೂ ಸಾಧ್ಯ.

ಅಕ್ಕನ ಮಗನಿಗೆ ಇದೆಲ್ಲವನ್ನೂ ಹೇಳಲು ನನಗೆ ಮನಸ್ಸಾಗಿರಲಿಲ್ಲ. ಕಳೆದ ದೀಪಾವಳಿಗೆ ಅವನು ಮತ್ತೆ ಬಂದಾಗ ಅವನೇ ಕೇಳಿದ, ಮಾಮ, ಆ ಅಂಗಿ ನಿಜವಾಗಿಯೂ ಅಷ್ಟು ಬಾಳುತ್ತದೆಯೇ ಎಂದು. ನಾನು ನನಗೆ ತಿಳಿದಂತೆ ಉತ್ತರಿಸಿದೆ. ಟೀ-ಶರ್ಟಿಗೆ ಮೂರು ಸಾವಿರದವರೆಗೆ ಕೊಟ್ಟರೆ ಹೆಚ್ಚಿನ ಹಣಕ್ಕೆ ಹೆಚ್ಚಿನ ಬಟ್ಟೆ, ಹೆಚ್ಚಿನ ಹೊಲಿಗೆ ಸಿಗುತ್ತಾ ಹೋಗುತ್ತದೆ. ಐದು ಸಾವಿರದ ಹೊತ್ತಿಗೆ ಹತ್ತಿ ಕೊಡಬಹುದಾದದ್ದೆಲ್ಲ ಮುಗಿದಿರುತ್ತದೆ. ಶರ್ಟಾದರೆ ಬಟ್ಟೆ ಕೊಂಡು ಹೊಲಿಸು. ಸ್ವೆಟರು, ಶೂಗಳಿಗೆ ಕೈ ಬಿಗಿ ಹಿಡಿಯಬೇಡ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲ ಸಂಬಳ ಹೆಚ್ಚಾದಾಗ ನಿಮಗೆ ಅತಿ ಒಳ್ಳೆಯದನ್ನೇ ಕೊಡಬೇಕೆನಿಸಿತ್ತು, ಒಳ್ಳೆಯದು ಯಾವುದೆಂದು ತಿಳಿಯುವ ಬಗೆ ನನಗೆ ಬೆಲೆಯೊಂದೇ ಆಗಿತ್ತು ಎಂದ. ಅವನ ತಪ್ಪಲ್ಲ. ಬಟ್ಟೆಯನ್ನು ಒಳಗು ತಿರುವಿ ನೋಡುವುದನ್ನು ಅವನ ತಲೆಮಾರಿಗೆ ನಾವು ಯಾರೂ ಕಲಿಸಲಿಲ್ಲ. ಅವನು ತೊಟ್ಟಿದ್ದ ಅಂಗಿಯನ್ನೇ ಬಿಚ್ಚಿಸಿ, ಇಂಚುಗಾಜು ಕೈಗೆ ಕೊಟ್ಟು, ಹೊಲಿಗೆ ಎಣಿಸಲು ಹೇಳಿದೆ. ಹತ್ತು ಎಂದು ಎಣಿಸಿದ, ಮತ್ತೊಮ್ಮೆ ಎಣಿಸಿ ಹತ್ತೇ ಎಂದ.

ತೂತು ಬಿದ್ದ ಟೀ-ಶರ್ಟನ್ನು ಶಿವಾಜಿನಗರದ ರಫು ಮಾಡುವವರೊಬ್ಬರ ಬಳಿ ಒಯ್ದಿದ್ದೆ. ಅವರು ಹೊಸ ದಾರ ಮುಟ್ಟಲಿಲ್ಲ. ಕೆಳಗಿನ ಅಂಚಿನ ಮಡಿಕೆಯನ್ನು ಬಿಚ್ಚಿ, ಒಳಗೆ ಉಳಿದಿದ್ದ ಬಟ್ಟೆಯಿಂದಲೇ ಗೇಣುದ್ದ ನೂಲು ಎಳೆದು, ಕೊಕ್ಕೆಸೂಜಿಯಿಂದ ಕುಣಿಕೆಗೆ ಕುಣಿಕೆ ಹಾಕುತ್ತಾ ಮುಕ್ಕಾಲು ಗಂಟೆ ಕೂತರು. ಬೆಳಕಿಗೆ ಹಿಡಿದು ನೋಡಿದರೆ ಮಾತ್ರ ಜಾಗ ಗೊತ್ತಾಗುತ್ತದೆ. ಅವರು ಕೇಳಿದ್ದು 150 ರೂಪಾಯಿ. ನಾನು ಕೊಟ್ಟದ್ದು 500, ಅದನ್ನು ಅವರು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಅಂಚನ್ನು ಮತ್ತೆ ಮಡಿಸಿ ಹೊಲಿಯುವಾಗ, ಇದರಲ್ಲಿ ಇನ್ನೂ ಎರಡು ತೂತಿಗೆ ಆಗುವಷ್ಟು ನೂಲಿದೆ ಎಂದು ತೋರಿಸಿದರು.